ಉಪ್ಪುನೀರಿನ ತೊಟ್ಟಿಯ ಗೊಳಗೊಳ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರನ್ನು "ಏನಪ್ಪಾ ದೊಡ್ಡ ತಲೆನೋವು?" ಅಂತ ಕೇಳಿ ನೋಡಿ. ಮೀನು ಸಾಯೋದು, ದುಡ್ಡು ಕರಗೋದು ಎಲ್ಲಾ ಆಮೇಲೆ. ಬಹಳ ಜನ ಮೊದಲು ಹೇಳೋದು "ಸದ್ದು ಮಾರಾಯ್ರೆ, ಸದ್ದು!" ಹಗಲಲ್ಲಿ ಹಳ್ಳ ಹರಿದ ಹಾಗೆ ಇಂಪಾಗಿ ಕೇಳೋದು ರಾತ್ರಿ ಹನ್ನೊಂದಾದ ಮೇಲೆ ಯಾರೋ ಪಕ್ಕದಲ್ಲೇ ಬಚ್ಚಲಿಗೆ ಬಕೆಟ್‌ಗಟ್ಟಲೆ ನೀರು ಸುರೀತಾ ಇದ್ದಾರೇನೋ ಅನ್ನೋ ಹಾಗಾಗುತ್ತೆ. ಮನೆಯವರು ಒಂದೆರಡು ವಾರ ಸಹಿಸ್ಕೋತಾರೆ. ಆಮೇಲೆ ಪ್ರಯೋಗಗಳು ಶುರು... ಪೈಪಿನ ಬಾಯಿಗೆ ಸ್ಪಂಜ್ ತುರುಕೋದು, ಇರೋ ಒಂದೇ ಪೈಪಿಗೆ ವಾಲ್ವ್ ಹಾಕಿ ಅರ್ಧ ಮುಚ್ಚೋದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸದ್ದನ್ನ ಮುಚ್ಚಿಡೋಕೆ ಹೋಗಬಾರದು, ಹುಟ್ಟದ ಹಾಗೆ ಮಾಡಬೇಕು. ಮತ್ತೆ, ನಿಶ್ಶಬ್ದಕ್ಕೋಸ್ಕರ ಸುರಕ್ಷತೆಯನ್ನ ಅಡ ಇಡಬಾರದು.

ಈ ಹುಚ್ಚು ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೇಲೆ ಮೀನಿರೋ ಟ್ಯಾಂಕ್, ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ. ಅದರ ಹೆಸರು ಸಂಪ್. ನಮ್ಮ ಮನೆಗಳ ಸಂಪು-ಓವರ್‌ಹೆಡ್ ಟ್ಯಾಂಕ್ ಥರಾನೇ ಅಂದುಕೊಳ್ಳಿ. ಪಂಪ್ ನೀರನ್ನ ಮೇಲಕ್ಕೆ ತಳ್ಳುತ್ತೆ, ಹೆಚ್ಚಾದದ್ದು ಟ್ಯಾಂಕಿನ ಮೂಲೆಯ ಓವರ್‌ಫ್ಲೋ ಪೆಟ್ಟಿಗೆಗೆ ಉಕ್ಕಿ ಪೈಪಿನಲ್ಲಿ ಕೆಳಗಿಳಿಯುತ್ತೆ. ಕೊಳೆ ತೆಗೆಯೋ ಸ್ಕಿಮ್ಮರ್, ಹೀಟರ್ ಎಲ್ಲ ಕೆಳಗೇ ಇರೋದ್ರಿಂದ ಈ ಓಡಾಟ ದಿನದ 24 ಗಂಟೆಯೂ ನಡೀತಾ ಇರಬೇಕು.

ಸರಿ, ಸದ್ದು ಎಲ್ಲಿಂದ? ಪಂಪಿನ ಗುಂಯ್‌ಗುಡುವಿಕೆಗೆ ಅಡಿಯಲ್ಲಿ ರಬ್ಬರ್ ಹಾಸು, ಗಟ್ಟಿ ಪೈಪಿನ ಬದಲು ಒಂದು ತುಂಡು ಮೆತ್ತನೆ ಸಿಲಿಕೋನ್ ಟ್ಯೂಬ್ ಹಾಕಿದರೆ ಬಹಳಷ್ಟು ಕಮ್ಮಿಯಾಗುತ್ತೆ. ನಿಜವಾದ ಕಳ್ಳ ಗಾಳಿ. ಅರ್ಧ ನೀರು ಅರ್ಧ ಗಾಳಿ ಒಂದೇ ಪೈಪಿನಲ್ಲಿ ಗುದ್ದಾಡಿಕೊಂಡು ಇಳಿಯೋದೇ ಗೊಳಗೊಳ. ಕೆಳಗೆ ಬಿದ್ದಮೇಲೆ ಗುಳ್ಳೆ ಒಡೆದು ಹಾರೋ ತುಂತುರು ಒಣಗಿ ಕಪಾಟಿನ ತುಂಬಾ ಬಿಳಿ ಉಪ್ಪು ಬೇರೆ ಕಟ್ಟುತ್ತೆ.

ಇದಕ್ಕೆ ಹವ್ಯಾಸಿಗಳೇ ಕಂಡುಕೊಂಡ ಮೂರು ದಾರಿ ಇವೆ. ಮೊದಲನೆಯದು ಡರ್ಸೋ. ಪೈಪಿನ ತಲೆಗೆ ಒಂದು ಟೀ, ಅದರ ಅಡ್ಡ ಬಾಯಿಗೆ ಕೆಳಮುಖದ ಎಲ್ಬೋ, ಮುಚ್ಚಳದಲ್ಲಿ ಸಣ್ಣ ತೂತು. ನೀರು ಮೇಲ್ಮೈ ಕೆಳಗಿಂದ ಒಳಗೆ ಹೋಗುತ್ತೆ, ಗಾಳಿ ತೂತಿನಿಂದ. ಸುಳಿ ಏಳಲ್ಲ. ಆದರೆ ಹರಿವು ಜಾಸ್ತಿ ಆದ್ರೆ ಮತ್ತೆ ಗೊಳಗೊಳ. ಎರಡನೆಯದು ಹರ್ಬಿ. ಒಂದು ಪೈಪಿನಲ್ಲಿ ಗಾಳಿಯೇ ಇಲ್ಲದ ಪೂರ್ತಿ ಸೈಫನ್, ಅದಕ್ಕೊಂದು ವಾಲ್ವ್. ಇನ್ನೊಂದು ಪೈಪಿನ ಬಾಯಿ ಎತ್ತರದಲ್ಲಿ ಒಣಗಿಕೊಂಡು ಸುಮ್ಮನೆ ಕಾಯ್ತಾ ಇರುತ್ತೆ. ಮೂರನೆಯದಕ್ಕೆ ಬೀನ್‌ಅನಿಮಲ್ ಅಂತ ವಿಚಿತ್ರ ಹೆಸರು. ಇದರಲ್ಲಿ ಸೈಫನ್, ಚೂರು ನೀರು ಇಳಿಯೋ ತೆರೆದ ಪೈಪ್, ತುರ್ತಿಗೆ ಒಂದು, ಹೀಗೆ ಒಟ್ಟು ಮೂರು.

ಬಹಳ ಜನ ಎಡವೋದು ಇಲ್ಲೇ. ಹರ್ಬಿಯ ವಾಲ್ವ್ ಮಾತ್ರ ತಗೋತಾರೆ, ಎರಡನೇ ಪೈಪ್ ಬಿಟ್ಟುಬಿಡ್ತಾರೆ. ಸದ್ದೇನೋ ನಿಲ್ಲುತ್ತೆ. ಒಂದು ದಿನ ಒಂದು ಬಸವನಹುಳು ಪೈಪಿನ ಬಾಯಿಗೆ ಸಿಕ್ಕಿಕೊಂಡರೆ? ಲೆಕ್ಕ ಹಾಕೋಣ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ನೀರು ಅಂದ್ರೆ 5.4 ಲೀಟರ್. ಅಂಚಿಗೆ 3 ಸೆಂ.ಮೀ. ಜಾಗ ಇದ್ರೆ ಹಿಡಿಸೋದು ಸುಮಾರು 16 ಲೀಟರ್. ಸಂಪಿನ ಪಂಪ್ ಖಾನೆಯಲ್ಲಿ 25 ಲೀಟರ್ ಇದ್ರೆ, ಉಳಿದ 9 ಲೀಟರ್ ಉಪ್ಪುನೀರು ನೆಲಕ್ಕೆ. ಅದೂ ಕಪಾಟಿನೊಳಗಿನ ಎಕ್ಸ್‌ಟೆನ್ಶನ್ ಬಾಕ್ಸ್ ಮೇಲಿಂದ ಇಳಿದುಕೊಂಡು!

ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ ಇದು ಖಾಲಿ ಕ್ಯಾಚ್ ಬ್ಲಾಕ್ ಬರೆದ ಹಾಗೆ. ಎರರ್ ಕಾಣಲ್ಲ ಅಷ್ಟೆ, ಹೋಗಿರಲ್ಲ. ತುರ್ತು ಪೈಪಿನ ಗುಣವೇ ಬೇರೆ. ಮುಖ್ಯ ಪೈಪ್ ಕಟ್ಟಿಕೊಂಡ ಕೂಡಲೇ ನೀರು ಅದಕ್ಕೆ ಇಳಿದು ಜೋರಾಗಿ ಸದ್ದು ಮಾಡುತ್ತೆ. ಟೆರೇಸಿನ ಟ್ಯಾಂಕ್ ತುಂಬಿ ನೀರು ಸುರಿಯೋ ಸದ್ದು ಕೇಳಿದರೆ ಮೋಟರ್ ಆಫ್ ಮಾಡೋಕೆ ಓಡ್ತೀವಲ್ಲ, ಹಾಗೆ. ಈ ಒಂದು ಸದ್ದು ಇರಲೇಬೇಕು. ಆ ಪೈಪಿಗೆ ಮಾತ್ರ ಯಾವ ಕಾರಣಕ್ಕೂ ವಾಲ್ವ್ ಹಾಕಬೇಡಿ, ಪಂಪಿನ ಪೂರ್ತಿ ಹರಿವನ್ನ ಅದೊಂದೇ ಹೊರೋ ಹಾಗಿರಲಿ.

ನಮ್ಮ ಊರಿಗೆ ತಕ್ಕ ಎರಡು ಮಾತು. ಒಂದು, ಕರೆಂಟ್. ಪ್ರತಿ ಸಲ ಹೋಗಿ ಬಂದಾಗಲೂ ಸೈಫನ್ ತಾನಾಗೇ ಶುರುವಾಗಬೇಕು. ಪೈಪಿನ ಕೆಳತುದಿ ಸಂಪಿನ ನೀರಲ್ಲಿ ಒಂದು ಇಂಚಿನಷ್ಟು ಮುಳುಗಿದ್ರೆ ಸಾಕು, ತೀರಾ ಆಳಕ್ಕಿಳಿಸಿದ್ರೆ ಒಳಗಿನ ಗಾಳಿ ಹೊರಗೆ ಹೋಗಲ್ಲ. ಮೀನು ಬಿಡೋ ಮುಂಚೆ ಸ್ವಿಚ್ ಹತ್ತು ಸಲ ಆಫ್-ಆನ್ ಮಾಡಿ ನೋಡಿ. ಪಂಪ್ ನಿಂತಾಗ ಮೇಲಿಂದ ಇಳಿಯೋ ನೀರಿಗೆ ಸಂಪಿನಲ್ಲಿ ಜಾಗ ಇದೆಯಾ ಅನ್ನೋದೂ ಆಗಲೇ ಗೊತ್ತಾಗುತ್ತೆ. ಎರಡು, ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದ್ರೆ ಸಾಮಾನ್ಯವಾಗಿ ಕೈಗಿಡೋದು ಹಿತ್ತಾಳೆಯದು. ಹಿತ್ತಾಳೆಯಲ್ಲಿ ತಾಮ್ರ ಇದೆ. ತಾಮ್ರ ಹವಳಕ್ಕೆ, ಸಿಗಡಿಗೆ, ಬಸವನಹುಳುವಿಗೆ ವಿಷ. ಹುಡುಕಿ ಪ್ಲಾಸ್ಟಿಕ್ಕಿನದೇ ತನ್ನಿ.

ಎರಡನೇ ಪೈಪಿಗೆ ತೂತೆಲ್ಲಿ ಅಂತೀರಾ? ಎಷ್ಟೋ ಟ್ಯಾಂಕ್‌ಗಳಲ್ಲಿ ಎರಡು ತೂತು ಇರುತ್ತೆ, ಒಂದು ನೀರು ಇಳಿಯೋಕೆ, ಒಂದು ಏರೋಕೆ. ನನ್ನ ಪ್ರಕಾರ ಎರಡನ್ನೂ ಇಳಿಯೋಕೇ ಬಿಡಿ. ಏರೋ ಪೈಪನ್ನ ಅಂಚಿನ ಮೇಲಿಂದ ತನ್ನಿ. ನೋಡೋಕೆ ಸ್ವಲ್ಪ ಅಡ್ಡ ಅನ್ನಿಸಬಹುದು, ಅಷ್ಟೆ.

ಟ್ಯಾಂಕ್ ಕೊಳ್ಳೋ ಯೋಚನೆ ಇದ್ದರೆ ಮೀನಿನ ಬಣ್ಣಕ್ಕೆ ಮರುಳಾಗೋ ಮುಂಚೆ ತೂತು ಎಷ್ಟಿವೆ ಅಂತ ಎಣಿಸಿ. ಒಂದೇ ಇದ್ರೆ ನಿದ್ದೆ, ನೆಲ ಎರಡರಲ್ಲಿ ಒಂದರ ಆಸೆ ಬಿಡಬೇಕಾಗುತ್ತೆ :-)