ಸೂಪರ್‌ಮಾರ್ಕೆಟ್ಟಿನ ಕ್ರ್ವಾಸಾಂ

ಕಳೆದ ವರ್ಷ ನಾನೂ ನನ್ನ ಅಕ್ಕಯ್ಯನೂ ಮೂರು ತಿಂಗಳ ಕಾಲ ಇಂಗ್ಲೆಂಡಿನಲ್ಲಿ ನನ್ನ ಮಗಳ ಮನೆಯಲ್ಲಿದ್ದೆವು. ಮಗಳೂ ಅಳಿಯನೂ ಬೆಳಗ್ಗೆ ಎಂಟಕ್ಕೆಲ್ಲ ಕೆಲಸಕ್ಕೆ ಹೊರಡತಕ್ಕವರು. ಆದುದರಿಂದ ಬೆಳಗಿನ ಉಪಾಹಾರವನ್ನು ಒದಗಿಸುವ ಭಾರವನ್ನು ನಾನೇ ಕೇಳಿ ಪಡೆದುಕೊಂಡೆ. ಬೀದಿಯ ಕೊನೆಯಲ್ಲಿ ಒಂದು ಸೂಪರ್‌ಮಾರ್ಕೆಟ್ಟು. ತರಕಾರಿ, ಹಾಲು, ಸಾಬೂನು, ಸೂಜಿದಾರ ಎಲ್ಲವೂ ಒಂದೇ ಸೂರಿನಡಿಯಲ್ಲಿ ಸಿಕ್ಕುವ ದೊಡ್ಡ ಅಂಗಡಿ. ಒಳಗೆ ಕಾಲಿಟ್ಟೊಡನೆಯೇ ಬೆಂದ ಬೆಣ್ಣೆಯ ಪರಿಮಳವು ಬಂದು ಮುಖಕ್ಕೆ ತಗಲುತ್ತಿದ್ದಿತು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ್ದ ಹೊಂಬಣ್ಣದ ಕ್ರ್ವಾಸಾಂಗಳನ್ನು ಕಂಡ ಮೇಲೆ ಅವುಗಳನ್ನು ಬಿಟ್ಟು ಬರುವಷ್ಟು ವೈರಾಗ್ಯವು ನನಗಿನ್ನೂ ಬಂದಿಲ್ಲ. ಅಂದಿನಿಂದ ನಾನು ಕೊಂಡುದು, ತಿಂದುದು, ಮೋಸಹೋದುದು, ಕಲಿತುದು, ಇವುಗಳನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ. ಈಗ ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿಯೂ ಈ ತಿಂಡಿಯು ದೊರೆಯುವುದರಿಂದ ಅದು ಕೇವಲ ಪ್ರವಾಸದ ಹರಟೆಯಾಗದೆಂದು ನಂಬಿದ್ದೇನೆ.

ಕ್ರ್ವಾಸಾಂ ಎಂದರೆ ಫ್ರೆಂಚ್ ಭಾಷೆಯಲ್ಲಿ ಬೆಳೆಯುವ ಚಂದ್ರ, ನಮ್ಮ ಬಿದಿಗೆಯ ಚಂದ್ರ. ಇದರ ಹುಟ್ಟಿನ ಬಗೆಗೆ ಒಂದು ಕಥೆಯುಂಟು. 1683ರಲ್ಲಿ ತುರ್ಕರು ವಿಯನ್ನಾ ನಗರವನ್ನು ಮುತ್ತಿದಾಗ, ರಾತ್ರಿಯಲ್ಲಿ ಎಚ್ಚರವಾಗಿದ್ದ ರೊಟ್ಟಿಯವರು ಸುರಂಗ ತೋಡುವ ಸದ್ದನ್ನು ಕೇಳಿ ನಗರವನ್ನು ಉಳಿಸಿದರಂತೆ. ಆ ಗೆಲವಿನ ನೆನಪಿಗಾಗಿ ಶತ್ರುಧ್ವಜದ ಚಂದ್ರನ ಆಕಾರದಲ್ಲಿ ತಿಂಡಿ ಮಾಡಿದರಂತೆ. ಕೇಳುವುದಕ್ಕೆ ಸೊಗಸಾಗಿದೆ. ಆದರೆ ಚಂದ್ರಾಕಾರದ ಕಿಪ್ಫೆಲ್ ಎಂಬ ತಿಂಡಿಯು ಆಸ್ಟ್ರಿಯಾದಲ್ಲಿ ಆ ಮುತ್ತಿಗೆಗೆ ಬಹಳ ಹಿಂದಿನಿಂದಲೂ ಇದ್ದಿತು. ಅದು ಪ್ಯಾರಿಸಿಗೆ ಬಂದು ಜನಪ್ರಿಯವಾದುದು ಔಗುಸ್ಟ್ ತ್ಸಾಂಗ್ ಎಂಬ ಆಸ್ಟ್ರಿಯನ್ನನಿಂದ. ಹಿಂದೆ ಫಿರಂಗಿದಳದ ಅಧಿಕಾರಿಯಾಗಿದ್ದ ಈತನು 1830ರ ದಶಕದ ಕೊನೆಯಲ್ಲಿ ರಿಶೆಲ್ಯೂ ಬೀದಿಯಲ್ಲಿ ವಿಯನ್ನಾ ಮಾದರಿಯ ರೊಟ್ಟಿಯಂಗಡಿಯನ್ನು ತೆರೆದು, ಕೆಲಕಾಲದ ಮೇಲೆ ಊರಿಗೆ ಹಿಂದಿರುಗಿ 1848ರಲ್ಲಿ 'ದೀ ಪ್ರೆಸ್ಸೆ' ಎಂಬ ವೃತ್ತಪತ್ರಿಕೆಯನ್ನು ಸ್ಥಾಪಿಸಿದನು. ಫಿರಂಗಿ, ರೊಟ್ಟಿ, ಪತ್ರಿಕೆ! ಇಂದಿನ ಪದರುಪದರಾದ ಕ್ರ್ವಾಸಾಂ ಮಾತ್ರ ಫ್ರೆಂಚರ ಕೈಚಳಕವೇ ಸರಿ. ಅದರ ವಿಧಾನವು ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ.

ನಮ್ಮ ಮನೆಗಳಲ್ಲಿ ಚಿರೋಟಿಯನ್ನು ಮಾಡಿದವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿರೋಟಿಗೆ ಹಾಳೆಹಾಳೆಗಳ ನಡುವೆ ತುಪ್ಪ ಅಕ್ಕಿಹಿಟ್ಟುಗಳ ಸಾಟಿಯನ್ನು ಸವರುತ್ತೇವಷ್ಟೆ. ಇಲ್ಲಿ ಸಾಟಿಯ ಸ್ಥಾನದಲ್ಲಿ ತಣ್ಣನೆಯ ಬೆಣ್ಣೆಯ ಒಂದು ಹಾಳೆ. ಹುದುಗುಬರಿಸುವ ಯೀಸ್ಟ್ ಬೆರೆತ ಹಿಟ್ಟಿನ ಕಣಕದೊಳಗೆ ಬೆಣ್ಣೆಯನ್ನಿಟ್ಟು ಮಡಿಸಿ, ಲಟ್ಟಿಸಿ, ಮೂರು ಮಡಿಕೆ ಮಾಡುತ್ತಾರೆ. ತಣ್ಣಗಿರಿಸಿ ಮತ್ತೆ ಲಟ್ಟಿಸಿ ಮೂರು ಮಡಿಕೆ, ಮತ್ತೊಮ್ಮೆಯೂ ಹಾಗೆಯೇ. ಮೂರನ್ನು ಮೂರು ಸಲ ಗುಣಿಸಿದರೆ ಬೆಣ್ಣೆಯ ಪದರಗಳು 27 ಆಗುತ್ತವೆ. ಒಲೆಯ ಶಾಖದಲ್ಲಿ ಬೆಣ್ಣೆಯೊಳಗಿನ ಮತ್ತು ಕಣಕದೊಳಗಿನ ನೀರು ಆವಿಯಾಗಿ ಒಂದೊಂದು ಪದರವನ್ನೂ ಮೇಲಕ್ಕೆತ್ತುತ್ತದೆ; ಯೀಸ್ಟು ಒಳಗಿನಿಂದ ಉಬ್ಬಿಸುತ್ತದೆ. ಒಡೆದು ನೋಡಿದರೆ ಜೇನುಗೂಡಿನಂತೆ ಕಣ್ಣುಕಣ್ಣಾಗಿರಬೇಕು. ಬೆಣ್ಣೆಯು ನಡುವೆ ಎಲ್ಲಿಯಾದರೂ ಕರಗಿ ಹಿಟ್ಟಿನಲ್ಲಿ ಬೆರೆಯಿತೋ, ಆಗ ಅದು ಪದರವಲ್ಲ, ಬನ್ನು.

ಕಷ್ಟವಿರುವುದು ಇಲ್ಲಿಯೇ. ಬೆಣ್ಣೆಯು ನಮ್ಮ ಮೈಯ ಶಾಖಕ್ಕಿಂತ ಕಡಿಮೆ ಶಾಖದಲ್ಲಿಯೇ ಕರಗಿಹೋಗುವ ವಸ್ತು. ತಿನ್ನುವ ಬಾಯಿಗೆ ಇದು ಭಾಗ್ಯ, ಲಟ್ಟಿಸುವ ಕೈಗೆ ಕಂಟಕ. ಫ್ರಾನ್ಸಿನಲ್ಲಿ ಉಪ್ಪಿಲ್ಲದ ಬೆಣ್ಣೆಯಲ್ಲಿ ಶೇಕಡಾ 82ಕ್ಕೆ ಕಡಿಮೆ ಕೊಬ್ಬು ಇರಕೂಡದು. ಕಸಬುದಾರರು ಅದಕ್ಕಿಂತಲೂ ಗಟ್ಟಿಯಾದ, ಶೇಕಡಾ 84ರಷ್ಟು ಕೊಬ್ಬಿನ ಬೆಣ್ಣೆಯನ್ನು ಆರಿಸಿಕೊಳ್ಳುತ್ತಾರೆ. ಬೆಲೆಯೋ ದುಬಾರಿ. 2017ರಲ್ಲಿ ಫ್ರಾನ್ಸಿನಲ್ಲಿಯೇ ಬೆಣ್ಣೆಗೆ ಅಭಾವವುಂಟಾಗಿ ಅಂಗಡಿಯ ಬಡುಗಳು ಬರಿದಾದುವು. ಕ್ರ್ವಾಸಾಂ ಮಾಡುವವರು ಗೋಳಿಟ್ಟರು. ಹೀಗಿರುವಾಗ ಕಾರ್ಖಾನೆಯವನಿಗೆ ತಾಳೆಯೆಣ್ಣೆ ಮೊದಲಾದುವುಗಳಿಂದ ಮಾಡಿದ ಗಟ್ಟಿಕೊಬ್ಬು ಎಷ್ಟು ಪ್ರಿಯವೆಂಬುದನ್ನು ಊಹಿಸಿಕೊಳ್ಳಬಹುದು. ಅದು ಅಗ್ಗ, ಬೇಸಗೆಯಲ್ಲಿಯೂ ಕರಗದು, ಯಂತ್ರಕ್ಕೆ ಅಂಟದು. ಆದರೆ ಒಲೆಯ ಮುಂದೆ ಇದ್ದ ಈ ಗುಣವೇ ನಾಲಗೆಯ ಮೇಲೆ ದೋಷವಾಗುತ್ತದೆ. ಮೈಯ ಶಾಖಕ್ಕೂ ಪೂರ್ತಿಯಾಗಿ ಕರಗದೆ ಅಂಗುಳಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ಹಿಂದೆ ತುಪ್ಪದ ಹೆಸರಿನಲ್ಲಿ ವನಸ್ಪತಿಯನ್ನು ತಿಂದು ಬಾಯಿ ಚಪ್ಪರಿಸಿ ಮುಖ ಸಿಂಡರಿಸಿದವರಿಗೆ ಈ ಅನುಭವವು ಹೊಸತಲ್ಲ.

ಫ್ರೆಂಚರಲ್ಲಿ ಇದಕ್ಕೊಂದು ಗುರುತಿದೆ. ಬೆಣ್ಣೆಯದಾದರೆ ನೆಟ್ಟಗೆ, ಮಾರ್ಗರೀನಿನದಾದರೆ ಕೊಂಬು ಬಾಗಿಸಿ ಮಾಡುವುದು ಅಲ್ಲಿಯ ಅಂಗಡಿಗಳ ರೂಢಿ. ಚಂದ್ರನ ಹೆಸರು ಹೊತ್ತ ತಿಂಡಿಯಲ್ಲಿ ನಿಜವಾದ ಚಂದ್ರನಾಗಿ ಕಾಣುವುದೇ ಕೀಳುದರ್ಜೆಯದು! ಆದರೆ ಇದು ರೂಢಿಯೇ ಹೊರತು ಕಾನೂನಲ್ಲ. ಸಮುದ್ರವನ್ನು ದಾಟಿದೊಡನೆ ಅದಕ್ಕೆ ಬೆಲೆಯಿಲ್ಲ. ಇಂಗ್ಲೆಂಡಿನ ಟೆಸ್ಕೋ ಅಂಗಡಿಯವರು 2016ರಲ್ಲಿ ಬಾಗಿದವುಗಳನ್ನು ಬಿಟ್ಟು ನೆಟ್ಟಗಿನವುಗಳನ್ನೇ ಮಾರುವುದಾಗಿ ಸಾರಿದರು. ಕಾರಣವು ಬೆಣ್ಣೆಯಲ್ಲ, ನೆಟ್ಟಗಿದ್ದರೆ ಜಾಮು ಸವರುವುದಕ್ಕೆ ಗಿರಾಕಿಗಳಿಗೆ ಅನುಕೂಲವಂತೆ.

ಇನ್ನು ಆ ಪರಿಮಳದ ವಿಷಯ. ಹಿಂಭಾಗದಲ್ಲಿ ಬಿಳಿಯ ಟೋಪಿ ಧರಿಸಿದ ಬಾಣಸಿಗನೊಬ್ಬನು ಮುಂಜಾನೆ ಎದ್ದು ಕಣಕ ನಾದುತ್ತಿರುವನೆಂದು ನಾನು ಬಹುದಿನ ನಂಬಿದ್ದೆ. ಅದು ನನ್ನ ಭೋಳೇತನ. ಇಂಥ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಬೇಯಿಸುವ ಕೆಲಸವೊಂದೇ. ಕಾರ್ಖಾನೆಯಲ್ಲಿ ಮಡಿಸಿ, ಸುತ್ತಿ, ಹಿಮಗಟ್ಟಿಸಿದ ಕ್ರ್ವಾಸಾಂಗಳು ಪೆಟ್ಟಿಗೆಗಳಲ್ಲಿ ಬರುತ್ತವೆ. ಅವುಗಳನ್ನು ತಟ್ಟೆಗಿಟ್ಟು ಒಲೆಗೆ ತಳ್ಳುತ್ತಾರೆ. ಇದನ್ನು ಮೋಸವೆಂದು ನಾನು ಹೇಳಲಾರೆ. ಫ್ರಾನ್ಸಿನಲ್ಲಿಯೂ ಸ್ಥಿತಿ ಬೇರೆಯಿಲ್ಲ. ಅಲ್ಲಿ ಹಿಟ್ಟನ್ನು ತಾನೇ ಕಲಸಿ, ಹಿಮಗಟ್ಟಿಸದೆ, ತನ್ನಲ್ಲಿಯೇ ಬೇಯಿಸುವವನಿಗೆ ಮಾತ್ರ ರೊಟ್ಟಿಯವನೆಂಬ ಹೆಸರು ಸಲ್ಲಬೇಕೆಂದು 1998ರಲ್ಲಿ ಕಾನೂನು ಮಾಡಿದರು. ಆದರೆ ಆ ಕಟ್ಟಳೆ ರೊಟ್ಟಿಗೆ, ಕ್ರ್ವಾಸಾಂಗಲ್ಲ. ಕಾರ್ಖಾನೆಯ ಕ್ರ್ವಾಸಾಂ ಒಳ್ಳೆಯ ಬೆಣ್ಣೆಯದಾಗಿ, ಅಂದೇ ಬೆಂದುದಾದರೆ, ಕೈಮಾಡಿದ್ದೆಂದು ಬೀಗುವ ಎಷ್ಟೋ ನಿನ್ನೆಯ ಸರಕಿಗಿಂತ ಮೇಲು.

ಆರಿಸುವಾಗ ನಾನು ನೋಡುವುದು ಇಷ್ಟು. ಬಣ್ಣವು ಅರಸಿನದಂತಿರದೆ ಬೆಲ್ಲದ ಬಣ್ಣಕ್ಕೆ ಸಮೀಪವಾಗಿರಬೇಕು. ಮಾಸಲು ಹಳದಿಯದು ಒಳಗೆ ಹಸಿಹಿಟ್ಟಿನ ವಾಸನೆಯದು. ಗಾತ್ರಕ್ಕೆ ತೂಕ ಕಡಮೆಯಿರಬೇಕು. ಕಾಗದದ ಚೀಲವು ಸ್ವಲ್ಪ ಜಿಡ್ಡಾಗುವುದು ಸಹಜ; ತಳವೇ ತೊಯ್ದಂತಿದ್ದರೆ ಬೆಣ್ಣೆಯು ಒಲೆಯಲ್ಲಿ ಸೋರಿಹೋಗಿದೆಯೆಂದರ್ಥ. ಎಲ್ಲಕ್ಕಿಂತ ಮುಖ್ಯವಾದುದು ಚೀಟಿಯನ್ನು ಓದುವುದು. ಪದಾರ್ಥಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಬರಿಯ ಬೆಣ್ಣೆಯದೆಂದು ಹೆಸರಿಟ್ಟು ಮಾರುವ ಪೊಟ್ಟಣದ ಮೇಲೆ ಇಂಗ್ಲೆಂಡಿನಲ್ಲಿ ಬೆಣ್ಣೆ ಶೇಕಡಾ ಎಷ್ಟೆಂದು ತಿಳಿಸಿರಬೇಕು. ಐದರಲ್ಲೊಂದು ಪಾಲು ಅಥವಾ ತುಸು ಹೆಚ್ಚಿದ್ದರೆ ತೃಪ್ತಿಪಡಬಹುದು.

ಚೀಟಿಯ ಮಹಿಮೆಯನ್ನು ನಾನು ಕಲಿತ ರೀತಿಯು ಹೆಮ್ಮೆಪಡತಕ್ಕದ್ದಲ್ಲ. ನನ್ನ ಅಕ್ಕಯ್ಯನಿಗೆ ಎಪ್ಪತ್ತೆಂಟು ವರ್ಷ. ಮೊಟ್ಟೆಯನ್ನು ಅವಳು ಮುಟ್ಟಿದವಳಲ್ಲ. ಒಂದು ಭಾನುವಾರ ನಾಲ್ಕು ಕ್ರ್ವಾಸಾಂಗಳನ್ನು ತಂದು ತಟ್ಟೆಯಲ್ಲಿಟ್ಟಾಗ ಅವಳು ಕೇಳಿದಳು: "ಇದಕ್ಕೆ ಮೊಟ್ಟೆ ಹಾಕಿರುವುದಿಲ್ಲವಷ್ಟೆ?"

"ಇಲ್ಲ ಅಕ್ಕಯ್ಯ, ಬರಿಯ ಬೆಣ್ಣೆ," ಎಂದೆ. ಧೈರ್ಯವಾಗಿಯೇ ಎಂದೆ. ಕಣಕಕ್ಕೆ ಮೊಟ್ಟೆ ಬೇಕಿಲ್ಲವೆಂದು ಎಲ್ಲಿಯೋ ಓದಿದ್ದ ನೆನಪು. ಅವಳು ಒಂದನ್ನು ತಿಂದು, ಬಹಳ ಹಗುರವಾಗಿದೆಯೆಂದು ಹೊಗಳಿ, ಇನ್ನರ್ಧವನ್ನೂ ತಿಂದಳು. ಮಧ್ಯಾಹ್ನ ಚೀಲವನ್ನು ಬಿಸಾಡಲು ಹೋದಾಗ ಚೀಟಿಯ ಮೇಲೆ ಕಣ್ಣು ಬಿದ್ದಿತು. ಆ ದೇಶದಲ್ಲಿ 2014ರ ಕೊನೆಯಿಂದ ಹಾಲು, ಗೋಧಿ, ಮೊಟ್ಟೆಯಂಥ, ಕೆಲವರ ಮೈಗೊಗ್ಗದ ಪದಾರ್ಥಗಳನ್ನು ಎದ್ದು ಕಾಣುವಂತೆ ಅಚ್ಚುಹಾಕುವ ನಿಯಮವಿದೆ. ದಪ್ಪಕ್ಷರದಲ್ಲಿ ಮೊಟ್ಟೆಯೆಂದಿದ್ದಿತು. ಮೇಲ್ಮೈ ಹೊಳೆಯಲೆಂದು ಬೇಯಿಸುವ ಮುನ್ನ ಅದನ್ನು ಸವರುತ್ತಾರೆ. ನಾನು ಮೆಚ್ಚಿ ಆರಿಸಿದ್ದ ಆ ಹೊಳಪು ಅದರದೇ.

ಹೇಳುವುದೋ ಬಿಡುವುದೋ ಎಂದು ಸಂಜೆಯವರೆಗೂ ತೊಳಲಾಡಿದೆ. ಹೇಳದಿದ್ದರೆ ಅವಳಿಗೆ ತಿಳಿಯುವ ಸಂಭವವೇ ಇರಲಿಲ್ಲ; ಮಗಳೂ "ಸುಮ್ಮನಿದ್ದುಬಿಡಿ, ಅಪ್ಪಾ," ಎಂದಳು. ಆದರೆ ಅವಳು ನನ್ನನ್ನು ಕೇಳಿ ತಿಂದಿದ್ದಳು. ದೀಪ ಹಚ್ಚಿದ ಮೇಲೆ ಹೋಗಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀನು ಓದಿದವನೆಂದು ಕೇಳಿದೆ. ಇನ್ನು ಮೇಲೆ ಓದಿ ಹೇಳು," ಎಂದಳು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ, ನನಗೂ ಸೇರಲಿಲ್ಲ.

ನಮ್ಮ ದೇಶದ ಪೊಟ್ಟಣಗಳಲ್ಲಿ ಈ ಕಷ್ಟವು ಕಡಮೆ. ಹಸುರು ಚುಕ್ಕೆಯಿದ್ದರೆ ಸಸ್ಯಾಹಾರ. ಮೊಟ್ಟೆ ಸೇರಿದ್ದರೂ ಕಂದುಬಣ್ಣದ ತ್ರಿಕೋಣವಿರಬೇಕು. ಆದರೆ ತಿಂಗಳುಗಟ್ಟಲೆ ಕೆಡದೆ ಇರುವ, ಒಳಗೆ ಸಿಹಿ ಲೇಹ್ಯ ತುಂಬಿದ ಪೊಟ್ಟಣದ ಕ್ರ್ವಾಸಾಂಗಳಲ್ಲಿ ಬೆಣ್ಣೆಯನ್ನು ಹುಡುಕಹೊರಡುವುದು ವ್ಯರ್ಥ. ವನಸ್ಪತಿಯ ಕಾಲದ ಒಂದು ಭಯವು ಇಳಿದಿರುವುದು ನಿಜ: ಎಣ್ಣೆ ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಕೂಡದೆಂದು 2022ರ ಜನವರಿಯಿಂದ ನಿಯಮವಾಗಿದೆ. ಕೆಡುಕು ಕಡಿಮೆಯಾಯಿತೆಂದ ಮಾತ್ರಕ್ಕೆ ರುಚಿ ಬಂದಿತೆಂದಲ್ಲ. ಅದನ್ನು ಮಕ್ಕಳು ಬೇಕಾದರೆ ಬನ್ನೆಂದು ತಿನ್ನಲಿ.

ತಂದುದನ್ನು ತಿನ್ನುವ ಕ್ರಮಕ್ಕೆ ಬರುತ್ತೇನೆ. ಕ್ರ್ವಾಸಾಂಗೆ ಆಯುಸ್ಸು ಒಂದು ದಿನ. ನಿಜವಾಗಿ ನೋಡಿದರೆ ಅರ್ಧ ದಿನ. ಮೇಲಿನ ಗರಿಯು ಒಳಗಿನ ತೇವವನ್ನು ಹೀರಿ ಮೆತ್ತಗಾಗುತ್ತದೆ. ಒಳಗಿನ ಪಿಷ್ಟವು ಬಿರುಸಾಗುತ್ತದೆ. ಶೀತಕಪಾಟಿನಲ್ಲಿಟ್ಟರೆ ಬಹುದಿನ ಬಾಳೀತೆಂಬುದು ತಪ್ಪು. ಆ ತಂಪಿನಲ್ಲಿ ಅದು ಹೊರಗಿಗಿಂತ ಬೇಗ ಬಿರುಸಾಗುತ್ತದೆ. ಉಳಿಸಬೇಕಾದರೆ ಕೊಂಡ ದಿನವೇ ಗಾಳಿಯಾಡದಂತೆ ಸುತ್ತಿ ಹಿಮಗಟ್ಟುವ ಅರೆಯಲ್ಲಿಡತಕ್ಕದ್ದು. ತಿನ್ನುವ ಮುನ್ನ ಬಿಸಿ ತೋರಿಸಿದರೆ ಪಿಷ್ಟವು ಮತ್ತೆ ಮೆದುವಾಗುತ್ತದೆ, ಗರಿಯು ಮತ್ತೆ ಗರಿಯಾಗುತ್ತದೆ. ವಿದ್ಯುತ್ತಿನ ಒಲೆಯನ್ನು 160 ಡಿಗ್ರಿಗೆ ಮೊದಲೇ ಕಾಯಿಸಿ ನಾಲ್ಕೈದು ನಿಮಿಷ. ಹಿಮಗಟ್ಟಿದುದಕ್ಕೆ ಹತ್ತು ನಿಮಿಷದವರೆಗೆ. ಅಂಥ ಒಲೆಯಿಲ್ಲದವರು ದಪ್ಪ ತಳದ ಪಾತ್ರೆಯನ್ನು ಒಣದಾಗಿ ಕಾಯಿಸಿ, ಒಳಗೊಂದು ಮುಕ್ಕಾಲಿಯಿಟ್ಟು, ಅದರ ಮೇಲಿರಿಸಿ, ಮುಚ್ಚಳವನ್ನು ಓರೆಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಬಿಸಿಮಾಡಬಹುದು. ಪೂರ್ತಿ ಮುಚ್ಚಿದರೆ ಆವಿ ನಿಂತು ಮೆತ್ತಗಾದೀತು. ಮೈಕ್ರೋವೇವಿನಲ್ಲಿಡುವವರಿಗೆ ನನ್ನ ಕೈಜೋಡಿಸಿದ ವಿನಂತಿ: ಬೇಡ. ಬಿಸಿಯಿರುವಾಗ ಒದ್ದೆಬಟ್ಟೆ, ಆರಿದ ಮೇಲೆ ತೊಗಲು.

ಬಿಸಿಯಾದುದನ್ನು ತಕ್ಷಣ ಮುರಿಯದೆ ಎರಡು ನಿಮಿಷ ಜಾಲರಿಯ ಮೇಲಿಡಿ. ಬೆಣ್ಣೆಯ ಕ್ರ್ವಾಸಾಂಗೆ ಮೇಲೆ ಮತ್ತೆ ಬೆಣ್ಣೆ ಸವರುವುದು ನನಗೆ ಅತಿಯೆನಿಸುತ್ತದೆ, ಇಂಗ್ಲಿಷರು ಏನೇ ಹೇಳಲಿ. ಹುಳಿಯಿರುವ ಹಣ್ಣಿನ ಜಾಮು ಒಂದು ಚಮಚ ಸಾಕು. ಫ್ರೆಂಚರಂತೂ ಮನೆಯಲ್ಲಿ ಸಂಕೋಚವಿಲ್ಲದೆ ಹಾಲುಗಾಫಿಯ ಬಟ್ಟಲಿನಲ್ಲಿ ಅದ್ದಿಯೇ ತಿನ್ನುತ್ತಾರೆ. ಈ ವಿಷಯದಲ್ಲಿ ನಾವು ಅವರ ನಂಟರು. ನೆಪೋಲಿಯನ್ನನ ಕಾಲದಲ್ಲಿ ಹೊರಗಿನ ಕಾಫಿಗೆ ಅಭಾವವಾದಾಗ ಚಿಕೋರಿಯು ಅಲ್ಲಿ ಮನೆಮನೆಗೂ ಹಬ್ಬಿತು. ನಮ್ಮ ಕಾಫಿಪುಡಿಯಲ್ಲಿಯೂ ಅದೇ ಬೇರು ಬೆರೆತಿದೆ. ನಿನ್ನೆಯದು ಉಳಿದರೆ ಎಸೆಯಬಾರದು. ಪ್ಯಾರಿಸಿನವರು ಅದನ್ನು ಸೀಳಿ ಸಕ್ಕರೆಪಾಕದಲ್ಲಿ ತೋಯಿಸಿ ಬಾದಾಮಿಯ ಹೂರಣವನ್ನು ತುಂಬಿ ಮತ್ತೆ ಬೇಯಿಸುತ್ತಾರೆ. ನಾನು ಏಲಕ್ಕಿ ಕೇಸರಿ ಹಾಕಿ ಕುದಿಸಿದ ಗಟ್ಟಿಹಾಲನ್ನು ಮೇಲೆ ಹೊಯ್ದೆ. ಅಳಿಯನು ಎರಡನೆಯ ಸಲವೂ ಬಡಿಸಿಕೊಂಡನು.

ಊರಿಗೆ ಹಿಂದಿರುಗುವುದಕ್ಕೆ ಹತ್ತು ದಿನವಿದ್ದಾಗ, ಬೇರೊಂದು ಅಂಗಡಿಯಲ್ಲಿ ಮೊಟ್ಟೆಯಿಲ್ಲದ, ಮನೆಯಲ್ಲಿಯೇ ಬೇಯಿಸಿಕೊಳ್ಳತಕ್ಕ ಹಿಮಗಟ್ಟಿದ ಬೆಣ್ಣೆಯ ಕ್ರ್ವಾಸಾಂ ದೊರೆಯಿತು. ಚೀಟಿಯನ್ನು ಅಲ್ಲಿಯೇ ಎರಡು ಸಲ ಓದಿದೆ. ಮನೆಯಲ್ಲಿ ಅಕ್ಕಯ್ಯನ ಮುಂದೆ ಗಟ್ಟಿಯಾಗಿ ಕನ್ನಡದಲ್ಲಿ ಮೂರನೆಯ ಸಲ ಓದಿದೆ. ಅವಳು ಕನ್ನಡಕವನ್ನು ಹಾಕಿಕೊಂಡು ತಾನೂ ಪೊಟ್ಟಣವನ್ನು ತಿರುಗಿಸಿ ನೋಡಿದಳು. ಬೆಂದು ಬಂದುದರ ಮೇಲೆ ಹೊಳಪಿರಲಿಲ್ಲ, ಮಂಕಾಗಿಯೇ ಇದ್ದಿತು. ಕಾಫಿಯಲ್ಲಿ ಅದ್ದಿ ತಿಂದು, ಬೆರಳಿಗೆ ಅಂಟಿದ ಪುಡಿಯನ್ನೂ ಬಿಡದೆ ಬಾಯಿಗೆ ಹಾಕಿಕೊಂಡು ಹೇಳಿದಳು:

"ನಮ್ಮ ಚಿರೋಟಿಯೇ ಇದು. ಸಕ್ಕರೆ ಉದುರಿಸುವುದನ್ನು ಮರೆತಿದ್ದಾರೆ."