ಮಂಚದ ಬದಿಯ ಹಳೆಯ ಮೇಜು: ಅಂದವೋ, ಆರೋಗ್ಯವೋ?

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನಾಲ್ಕೈದು ದಶಕಗಳ ಹಿಂದೆ ತಲೆಯೆತ್ತಿದ ಮೂರು-ನಾಲ್ಕು ಅಂತಸ್ತಿನ ಕಟ್ಟಡಗಳು ಇಂದು ಪುನರ್ನಿರ್ಮಾಣಕ್ಕಾಗಿ ಒಂದೊಂದಾಗಿ ನೆಲಸಮವಾಗುತ್ತಿವೆ. ಮನೆ ಖಾಲಿ ಮಾಡುವ ದಿನ ಸಮೀಪಿಸಿದಂತೆ ಭಂಗಾರದವನ ಕೈಗಾಡಿ ಅಂಗಳಕ್ಕೆ ಬಂದು ನಿಲ್ಲುತ್ತದೆ. ಹಿಂದೊಮ್ಮೆ ಊರಿನಿಂದ ಬಸ್ಸಿನ ಮಾಡಿನ ಮೇಲೆ ಕಟ್ಟಿ ತಂದಿದ್ದ ಹಲಸಿನ ಮುಕ್ಕಾಲಿ, ಅಜ್ಜನ ಕನ್ನಡಕವನ್ನೂ ಪಂಚಾಂಗವನ್ನೂ ಹೊತ್ತು ನಿಂತಿದ್ದ ಬೀಟೆಯ ಸಣ್ಣ ಮೇಜು, ಎರಡೂ ಅಲ್ಪ ಬೆಲೆಗೆ ಆ ಗಾಡಿಯನ್ನೇರುತ್ತವೆ. ಕೆಲವು ವರ್ಷಗಳ ತರುವಾಯ ಹೊಸ ಫ್ಲ್ಯಾಟಿನ ಗೃಹಪ್ರವೇಶದ ವೇಳೆಗೆ ಅದೇ ಕುಟುಂಬವು ಅಂಥದೇ ಮೇಜೊಂದನ್ನು ‘ಆಂಟಿಕ್’ ಎಂಬ ಹೆಸರಿಗೆ ಮರುಳಾಗಿ ಹತ್ತಾರು ಪಟ್ಟು ಬೆಲೆ ತೆತ್ತು ಕೊಂಡು ತರುವುದುಂಟು. ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೇನಿದ್ದೀತು?

ಹಳೆಯದೆಲ್ಲ ಹೊನ್ನೆಂಬ ಮಾತು ಎಷ್ಟು ಅಪೂರ್ಣವೋ, ಹಳೆಯದೆಲ್ಲ ಕಸವೆಂಬ ಮಾತೂ ಅಷ್ಟೇ ಅಪೂರ್ಣ. ಬದಿಯ ಮೇಜನ್ನು ಆರಿಸುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಇದು ಎಷ್ಟು ವರ್ಷದ್ದು?’ ಎಂಬುದು. ಅದಕ್ಕೂ ಮೊದಲು ‘ಇದು ಯಾರ ಕೈಗೆ, ಯಾವ ಹೊತ್ತಿನಲ್ಲಿ ಒದಗಬೇಕು?’ ಎಂದು ಕೇಳಿಕೊಳ್ಳುವುದು ವಿವೇಕ. ಏಕೆಂದರೆ ಇದು ಶೋಕಿಯ ವಸ್ತುವಾಗಿ ಕಂಡರೂ ಮನೆಯ ವೃದ್ಧರ ಹಾಗೂ ಮಕ್ಕಳ ಆರೋಗ್ಯದೊಡನೆ ನೇರ ಸಂಬಂಧವುಳ್ಳದ್ದು.

ಹೆಸರಿನಲ್ಲೇ ಇರುವ ಇತಿಹಾಸ

ಟೀಪಾಯಿ ಎಂಬ ಶಬ್ದವನ್ನು ಕೇಳಿದೊಡನೆ ಚಹದ ಕಪ್ಪು ಕಣ್ಣ ಮುಂದೆ ಬರುವುದು ಸಹಜ. ಆದರೆ ಆ ಶಬ್ದಕ್ಕೂ ಚಹಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಮೂರು ಕಾಲಿನದು ಎಂಬರ್ಥದ ಹಿಂದುಸ್ತಾನಿ ಮಾತು ಇಂಗ್ಲಿಷರ ಬಾಯಲ್ಲಿ ರೂಪಾಂತರಗೊಂಡು, ಚಹದ ಪ್ರಭಾವವನ್ನೂ ಹೊತ್ತು, ಮತ್ತೆ ಈ ದೇಶಕ್ಕೇ ಮರಳಿತು. ಕನ್ನಡಿಗರಿಗೆ ಈ ವಸ್ತುವೂ ಹೊಸದಲ್ಲ. ಊಟದ ತಟ್ಟೆಯನ್ನಿಡುವ ಅಡ್ಡಣಿಗೆ, ಪುಸ್ತಕ ಪಾರಾಯಣದ ವ್ಯಾಸಪೀಠ, ಲೆಕ್ಕ ಬರೆಯುವವರ ಇಳಿಜಾರು ಡೆಸ್ಕು, ಇವೆಲ್ಲ ಇಂದಿನ ಬದಿಯ ಮೇಜಿನ ಹಿರಿಯ ಬಂಧುಗಳೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಕುಶಲಕರ್ಮಿಗಳು ಬೀಟೆಮರದಲ್ಲಿ ದಟ್ಟವಾಗಿ ಕೆತ್ತಿದ ಪೀಠೋಪಕರಣಗಳು ‘ಬಾಂಬೆ ಬ್ಲ್ಯಾಕ್‌ವುಡ್’ ಎಂಬ ಹೆಸರಿನಿಂದ ಪರದೇಶಗಳಲ್ಲಿಯೂ ಪ್ರಸಿದ್ಧವಾದುವು. ಮೈಸೂರಿನ ಬೀಟೆಯ ಕೂರಣೆ ಕೆಲಸವಂತೂ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲೆ.

ಕಾನೂನೂ ಗುರುತೂ

1972ರ ಪ್ರಾಚೀನ ವಸ್ತುಗಳ ಹಾಗೂ ಕಲಾಸಂಪತ್ತಿನ ಕಾಯ್ದೆಯಂತೆ ಇಂಥ ವಸ್ತು ‘ಪುರಾತನ’ವೆನಿಸಲು 100 ವರ್ಷವಾದರೂ ಆಗಿರಬೇಕು, ಹಾಗಾದುದನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಅಮೆರಿಕೆಯಲ್ಲಿ ನೆಲಸಿದ ಮಗನಿಗೆ ಮುತ್ತಜ್ಜನ ಮೇಜನ್ನು ಕಳುಹಿಸಬೇಕೆನ್ನುವವರು ಇದನ್ನು ನೆನಪಿಡುವುದೊಳಿತು. ಐವತ್ತು-ಅರವತ್ತು ವರ್ಷಗಳ ಸಾಮಾನಿಗೆ ‘ವಿಂಟೇಜ್’ ಎಂಬ ಬಿರುದು ಸಾಕು. ಹಳೆಯ ದಂತದ ಕೂರಣೆಯೆಂದು ಹೊಗಳಿ ಮಾರಲು ಬಂದರೆ ದೂರವಿರುವುದೇ ಲೇಸು. ಆನೆದಂತದ ವ್ಯಾಪಾರ ಈ ದೇಶದಲ್ಲಿ ನಿಷಿದ್ಧ.

ಭೇಂಡಿ ಬಜಾರದ ಸನಿಹದ ಚೋರ್ ಬಜಾರಿನಲ್ಲಾಗಲಿ ಬೇರೆಡೆಯಲ್ಲಾಗಲಿ ಕೊಳ್ಳುವವರು ಮೇಜನ್ನು ತಲೆಕೆಳಗು ಮಾಡಿ ನೋಡಲು ಸಂಕೋಚಪಡಬಾರದು. ಮೇಲ್ಮೈಯನ್ನು ಹಳತಾಗಿಸುವುದು ಸುಲಭ. ತಳವನ್ನು ಹಳತಾಗಿಸುವುದು ಕಷ್ಟ. ಡ್ರಾಯರಿನ ಮೂಲೆಯ ಬೆಸುಗೆ ಕೈಕೆಲಸದ್ದಾದರೆ ಹಲ್ಲುಗಳು ತುಸು ಏರುಪೇರಾಗಿರುತ್ತವೆ. ನಕ್ಷತ್ರದ ಕಚ್ಚಿನ ತಿರುಪುಮೊಳೆ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದು ಮೂಲದ್ದೇ ಆಗಿದ್ದರೆ ಮೇಜು ಅದಕ್ಕಿಂತ ಹಳತಾಗಲಾರದು. ಮರವು ಎಳೆಗೆ ಅಡ್ಡಲಾಗಿ ಹೆಚ್ಚು ಕುಗ್ಗುವುದರಿಂದ, ನಿಜವಾಗಿ ಹಳೆಯದಾದ ದುಂಡು ಹಲಗೆಯನ್ನು ಎರಡು ದಿಕ್ಕಿನಲ್ಲಿ ಅಳೆದರೆ ಅಳತೆ ಒಂದೇ ಬರುವುದಿಲ್ಲ. ಈ ಸರಳ ಪರೀಕ್ಷೆಗೆ ದರ್ಜಿಯ ಟೇಪೊಂದು ಸಾಕು.

ಆರೋಗ್ಯದ ಲೆಕ್ಕ

ಆಕಸ್ಮಿಕ ಗಾಯಗಳಿಂದಾಗುವ ಮರಣಗಳಿಗೆ ಕಾರಣವಾದವುಗಳಲ್ಲಿ ಬೀಳುವಿಕೆಗೆ ಜಗತ್ತಿನಲ್ಲೇ ಎರಡನೆಯ ಸ್ಥಾನವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾತ್ರಿ ಎಚ್ಚರಗೊಂಡ ವೃದ್ಧರು ಕನ್ನಡಕಕ್ಕೋ ನೀರಿಗೋ ದೀಪದ ಗುಂಡಿಗೋ ಕೈಚಾಚುವ ಗಳಿಗೆ ಅತ್ಯಂತ ನಾಜೂಕಿನದು. ಮೇಜು ಹಾಸಿಗೆಯ ಮಟ್ಟಕ್ಕಿಂತ ತೀರ ತಗ್ಗಿದ್ದರೆ ದೇಹ ಬಗ್ಗಿ ಜಾರುತ್ತದೆ. ತೀರ ಎತ್ತರವಿದ್ದರೆ ಲೋಟ ಉರುಳುತ್ತದೆ. ಹಾಸಿಗೆಯ ಮೇಲ್ಮಟ್ಟಕ್ಕೆ ಸರಿಸಮವಾಗಿ, ಹೆಚ್ಚೆಂದರೆ ಒಂದೆರಡು ಅಂಗುಲ ಮೇಲೆ ಇರುವುದು ಹಿತಕರ. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಅಳೆಯಬೇಕಾದುದು ಮಂಚವನ್ನು.

ಮೂರು ಕಾಲಿನ ಮೇಜಿಗೆ ಒಂದು ಗುಣವೂ ಒಂದು ದೋಷವೂ ಇವೆ. ನೆಲ ಎಷ್ಟೇ ಓರೆಕೋರೆಯಾಗಿದ್ದರೂ ಅದು ಅಲುಗಾಡದು. ಆದರೆ ಎರಡು ಕಾಲುಗಳ ನಡುವಿನ ಅಂಚಿನ ಮೇಲೆ ಭಾರ ಬಿದ್ದರೆ ಥಟ್ಟನೆ ಮಗುಚುತ್ತದೆ. ಏಳುವಾಗ ಮೇಜಿಗೆ ಕೈಯೂರುವ ಅಭ್ಯಾಸವುಳ್ಳ ಹಿರಿಯರ ಬಳಿ ಅದು ಸಲ್ಲದು. ಅವರಿಗೆ ಅಗಲ ಬುಡದ, ಮೂಲೆ ದುಂಡಾದ, ನಾಲ್ಕು ಕಾಲಿನ ಭಾರವಾದ ಸಾಗುವಾನಿ ಮೇಜೇ ಮೇಲು. ಮುಕ್ಕಾಲಿಯು ಓದುವ ಕುರ್ಚಿಯ ಪಕ್ಕಕ್ಕೆ ಶೋಭಿಸುತ್ತದೆ.

ಬಣ್ಣ ಬಳಿದ ಹಳೆಯ ಮೇಜಿನಲ್ಲಿ ಇನ್ನೊಂದು ಅಪಾಯ ಅಡಗಿದೆ. ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಬಹಳ ಹೆಚ್ಚಿರಬಹುದು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾರಕ. ಸುರಕ್ಷಿತವೆನ್ನಬಹುದಾದ ಅಲ್ಪ ಪ್ರಮಾಣವೂ ಇಲ್ಲವೆಂಬುದು ತಜ್ಞರ ಮತ. ಬಣ್ಣ ಸುಲಿಯುತ್ತಿರುವ ಮೇಜನ್ನು ಎರಡು ಕೋಣೆಯ ಮನೆಯೊಳಗೆ ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಿಸುವುದು ಆ ವಿಷಧೂಳಿಯನ್ನು ಹಾಸಿಗೆ, ಅನ್ನ, ಆಟಿಕೆಗಳ ಮೇಲೆಲ್ಲ ಹರಡಿದಂತೆ. ಆ ಕೆಲಸವನ್ನು ಹೊರಗಡೆ, ನೀರು ಹಚ್ಚಿ, ಮಕ್ಕಳೂ ಗರ್ಭಿಣಿಯರೂ ಇಲ್ಲದೆಡೆ ಮಾಡಿಸತಕ್ಕದ್ದು.

ಕುಟ್ಟೆಯನ್ನೂ ತಿಗಣೆಯನ್ನೂ ಮರೆಯಲಾಗದು. ಮೇಜಿನಡಿ ಕಪ್ಪು ಕಾಗದ ಹಾಸಿ ಒಂದು ವಾರ ಬಿಟ್ಟರೆ, ನುಣುಪಾದ ಹೊಸ ಹುಡಿ ಬಿದ್ದಿದೆಯೋ ಇಲ್ಲವೋ ತಿಳಿಯುತ್ತದೆ. ಬಿದ್ದಿದ್ದರೆ ಹುಳು ಜೀವಂತವಾಗಿದೆಯೆಂದು ಭಾವಿಸಿ, ಚಿಕಿತ್ಸೆಯಾಗುವವರೆಗೆ ಮನೆಯ ಇತರ ಮರದ ಸಾಮಾನಿನಿಂದ ದೂರವಿಡಬೇಕು. ತಿಗಣೆ ಸಂದುಗಳಲ್ಲಿ ಅವಿತಿರುತ್ತದೆ. ಟಾರ್ಚಿನ ಬೆಳಕಿನಲ್ಲಿ ಪ್ರತಿ ಬೆಸುಗೆಯನ್ನೂ ನೋಡದೆ ಒಳಗೆ ತರಬಾರದು. ಠಾಣೆ ಖಾರಿಯ ಇಕ್ಕೆಲದ ಊರುಗಳಲ್ಲಿ ಮಳೆಗಾಲದ ನಾಲ್ಕು ತಿಂಗಳೂ ಗಾಳಿ ತೇವಭರಿತ. ಮೇಜನ್ನು ಗೋಡೆಗೆ ಒತ್ತಿಡದೆ ಎರಡು ಬೆರಳು ಅಂತರ ಬಿಟ್ಟರೆ ಬೂಷ್ಟು ಹಿಡಿಯುವುದು ತಗ್ಗುತ್ತದೆ. ಉಬ್ಬಸದವರಿಗೆ ಇದು ಸಣ್ಣ ಉಪಕಾರವಲ್ಲ.

ಇಷ್ಟೆಲ್ಲ ಎಚ್ಚರ ಬೇಕಾದರೆ ಹೊಸ ಮೇಜನ್ನೇ ಕೊಳ್ಳಬಾರದೇಕೆ ಎಂದು ಕೇಳುವವರಿದ್ದಾರೆ. ಕೊಳ್ಳಬಹುದು, ಆದರೆ ಅಗ್ಗದ ಪಾರ್ಟಿಕಲ್ ಬೋರ್ಡಿನ ಅಂಟಿನಿಂದ ಹೊರಸೂಸುವ ಫಾರ್ಮಾಲ್ಡಿಹೈಡ್ ಕಣ್ಣು-ಗಂಟಲುಗಳನ್ನು ಕೆರಳಿಸುವುದಲ್ಲದೆ, ಅರ್ಬುದಕಾರಕವೆಂದೂ ನಿರ್ಣಯಿಸಲ್ಪಟ್ಟಿದೆ. ಮೇಲಾಗಿ ಅಂಥ ಹಲಗೆ ನೀರು ಕಂಡರೆ ಉಬ್ಬಿ ಪುಡಿಯಾಗುತ್ತದೆ. 2005ರ ಜುಲೈ 26ರ ಮಹಾಮಳೆಯಲ್ಲಿ ಉಲ್ಹಾಸ ನದಿ ಉಕ್ಕಿ ಕಲ್ಯಾಣದ ತಗ್ಗು ಪ್ರದೇಶಗಳಿಗೆ ನುಗ್ಗಿತ್ತು. ಅಂಥ ನೆರೆಯನ್ನು ಬಲ್ಲ ಊರಿನಲ್ಲಿ, ನೆನೆದರೂ ನೆರಳಲ್ಲಿ ಆರಿ ಮತ್ತೆ ಕೆಲಸಕ್ಕೆ ಬರುವ ಸಾಗುವಾನಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಹಳೆಯ ಅರಗಿನ ಮೆರುಗಿಗೆ ಸ್ಪಿರಿಟ್ ಶತ್ರು. ಕೈತೊಳೆಯುವ ಸ್ಯಾನಿಟೈಸರಿನ ಬಾಟಲಿಯನ್ನು ಅದರ ಮೇಲಿಡಬಾರದು.

ಕೊನೆಯದಾಗಿ ಒಂದು ಮಾತು. ಹೊಸ ಮನೆಗೆ ಹೋದ ವೃದ್ಧರಿಗೆ ಗೋಡೆ ಹೊಸದು, ಕಿಟಕಿ ಹೊಸದು, ನೆರೆಹೊರೆಯೂ ಹೊಸದು. ಅವರ ಮಂಚದ ಬಲಗಡೆ ನಲವತ್ತು ವರ್ಷ ನಿಂತಿದ್ದ ಮೇಜು ಅಲ್ಲಿಯೂ ಬಲಗಡೆಯೇ ನಿಂತಿದ್ದರೆ, ಕತ್ತಲಲ್ಲಿಯೂ ಕೈ ದಾರಿ ತಪ್ಪುವುದಿಲ್ಲ. ಯಾವ ಬಜಾರಿನಲ್ಲೂ ದೊರೆಯದ ಪುರಾತನತೆ ಅದು. ಆದುದರಿಂದ ಭಂಗಾರದವನನ್ನು ಕರೆಯುವ ಮುನ್ನ ಬಡಗಿಯನ್ನು ಕರೆಯುವುದು ಮೇಲು. ಅದಕ್ಕೂ ಮುನ್ನ, ಆ ಮೇಜನ್ನು ದಿನವೂ ಬಳಸುವ ಹಿರಿಯರನ್ನು ಕೇಳುವುದು ಧರ್ಮ.