ಕಣ್ಣು ಮುಚ್ಚಿಕೊಂಡ ಸೀತೆ

ಮಕ್ಕಳೇ, ಹಳೆಯ ಕ್ಯಾಲೆಂಡರಿನಲ್ಲೋ ಕಟ್ಟು ಹಾಕಿಸಿದ ಪಟದಲ್ಲೋ ಈ ಚಿತ್ರ ನೋಡಿದ್ದೀರಾ? ರಾವಣ ಕತ್ತಿ ಬೀಸಿ ಜಟಾಯುವಿನ ರೆಕ್ಕೆ ಕತ್ತರಿಸಿದ್ದಾನೆ. ಅವನ ತೋಳಿನಲ್ಲಿ ಸಿಕ್ಕಿಬಿದ್ದ ಸೀತೆ ಅದನ್ನು ನೋಡಲಾರದೆ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಾಳೆ.

ಇದನ್ನು ಬರೆದವರು ರಾಜಾ ರವಿವರ್ಮ. 1848ರಲ್ಲಿ ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದರು. ಆಗ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆ. ಅಲ್ಲಿಯ ಚಿತ್ರಕಾರರೂ ದುಃಖಕ್ಕೆ ಸಿಕ್ಕ ಹೆಣ್ಣುಮಕ್ಕಳನ್ನು ಎಣ್ಣೆಬಣ್ಣದಲ್ಲಿ ನಾಟಕದ ದೃಶ್ಯದಂತೆ ಬರೆಯುತ್ತಿದ್ದರು. ಮಿಲೇ ಎಂಬಾತ ನೀರಿನಲ್ಲಿ ತೇಲುವ ಒಫೀಲಿಯಾಳನ್ನು ಬರೆದ. ರವಿವರ್ಮರು ಅದೇ ಎಣ್ಣೆಬಣ್ಣದಲ್ಲಿ ನಮ್ಮ ಸೀತೆ, ದ್ರೌಪದಿ, ದಮಯಂತಿಯರನ್ನು ಬರೆದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಚಿತ್ರಗಳಿವೆ. 1894ರಲ್ಲಿ ಮುಂಬೈಯಲ್ಲಿ ಅವರು ಅಚ್ಚುಕೂಟ ತೆರೆದ ಮೇಲೆ ಅರಮನೆಯ ಚಿತ್ರ ಬಡವರ ಗೋಡೆಗೂ ಬಂತು.

ಆದರೆ ಚಿತ್ರ ಒಂದೇ ಗಳಿಗೆಯಲ್ಲಿ ನಿಂತುಬಿಡುತ್ತದೆ. ಅದರಲ್ಲಿ ಸೀತೆ ಎಂದೆಂದಿಗೂ ಅಳುತ್ತಲೇ ಇರುತ್ತಾಳೆ. ಕಥೆ ಹಾಗಲ್ಲ, ಮುಂದೆ ಹೋಗುತ್ತದೆ.

ಆಕಾಶದಲ್ಲಿ ಹೋಗುವಾಗ ಸೀತೆ ಕಣ್ಣು ತೆರೆದು ಕೆಳಗೆ ನೋಡಿದಳು. ಬೆಟ್ಟದ ಮೇಲೆ ಐದು ಮಂದಿ ವಾನರರು ಕುಳಿತಿದ್ದರು. ಕೂಡಲೇ ಮೈಮೇಲಿನ ಒಡವೆಗಳನ್ನು ಉತ್ತರೀಯದಲ್ಲಿ ಗಂಟು ಕಟ್ಟಿ ಅವರ ನಡುವೆ ಎಸೆದಳು. ರಾವಣನಿಗೆ ಅದು ಗೊತ್ತೇ ಆಗಲಿಲ್ಲ. ಮುಂದೆ ಸುಗ್ರೀವ ಆ ಗಂಟನ್ನು ರಾಮನಿಗೆ ತೋರಿಸಿದ. ಅಷ್ಟು ಭಯದಲ್ಲೂ ಆಕೆ ತನ್ನ ದಾರಿಯ ಗುರುತು ಬಿಟ್ಟು ಹೋಗಿದ್ದಳು!

ಮಸರಕಲ್ಲಿನ ಮಕ್ಕಳೇ, ಆ ಜಾಗ ನಿಮಗೆ ದೂರವಲ್ಲ. ಹಂಪಿ, ಆನೆಗೊಂದಿ ಸೀಮೆಯೇ ಕಿಷ್ಕಿಂಧೆ ಎಂದು ಜನ ನಂಬುತ್ತಾರೆ. ಆನೆಗೊಂದಿ 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು. ಹಂಪಿಯ ಹೊಳೆದಂಡೆಯಲ್ಲಿ ಸುಗ್ರೀವನ ಗುಹೆಯಿದೆ. ಒಡವೆಗಳನ್ನು ಬಚ್ಚಿಟ್ಟದ್ದು ಅಲ್ಲಿಯೇ ಅಂತೆ. ಹತ್ತಿರದ ಬಂಡೆಯ ಮೇಲಿನ ಗೆರೆಗಳನ್ನು ಸೀತೆಯ ಸೆರಗು ಎಳೆದ ಗುರುತು ಎನ್ನುತ್ತಾರೆ.

ಇನ್ನು ಮುಂದೆ ಅಳುವ ಹೆಣ್ಣಿನ ಚಿತ್ರ ಕಂಡರೆ "ಅಯ್ಯೋ ಪಾಪ" ಎಂದು ಸುಮ್ಮನಾಗಬೇಡಿ. ಮನೆಯ ಮುತ್ಯಾನನ್ನೋ ಅಮ್ಮನನ್ನೋ ಹಿಡಿದು ಕೇಳಿ: "ಮುಂದ ಆಕಿ ಏನ್ ಮಾಡಿದ್ಳು?"

ಹಿರಿಯರೇ, ಪಟವನ್ನು ಗೋಡೆಗೆ ತೂಗುಹಾಕಿದವರು ನೀವು. ಅದರ ಉಳಿದ ಕಥೆಯೂ ನಿಮ್ಮ ಹತ್ತಿರವೇ ಇದೆ. ಈ ಭಾನುವಾರ ಹೇಳಿಬಿಡಿ.